ಸರ್ವಿಸ್ ಕ್ಲಬ್ಬಿಗೆ (ರೋಟರಿ, ಲಯನ್ಸ್ ಥರ ಸಮಾಜಸೇವೆ ಮಾಡೋ ಕ್ಲಬ್ಬು) ಹೊಸಬ್ರು ಸೇರ್ತಾರೆ, ವರ್ಷ ತುಂಬೋದ್ರೊಳಗೆ ಕಾಣೆ ಆಗ್ತಾರೆ. ನಿಮ್ಮಲ್ಲಿ ಏನ್ ಮಾಡ್ತೀರಾ?

ಹೊಸ_ಮೆಂಬರ್‌ಶಿಪ್_ಚೇರ್:

ಎಲ್ರಿಗೂ ನಮಸ್ಕಾರ. ಈ ಜುಲೈಯಿಂದ ನಮ್ಮ ಕ್ಲಬ್ಬಿಗೆ ನಾನು ಮೆಂಬರ್‌ಶಿಪ್ ಚೇರ್, ಅಂದ್ರೆ ಸದಸ್ಯರನ್ನ ಸೇರಿಸೋದು, ಉಳಿಸೋದು ನನ್ನ ಜವಾಬ್ದಾರಿ. ಆಸೆಪಟ್ಟು ತಗೊಂಡಿದ್ದಲ್ಲ, ಹೆಸರು ಕೇಳಿದಾಗ ಎಲ್ರೂ ಫೋನ್ ನೋಡ್ತಾ ಇದ್ರು, ನಾನೊಬ್ಬ ತಲೆ ಎತ್ತಿದ್ದೆ, ಅಷ್ಟೇ.

ವಿಷಯ ಏನಪ್ಪಾ ಅಂದ್ರೆ, ನಮ್ಮಲ್ಲಿ ಸೇರೋರಿಗೆ ಬರ ಇಲ್ಲ. ಪ್ರತಿ ವರ್ಷ ಏಳೆಂಟು ಜನ ಬರ್ತಾರೆ, ಪಿನ್ ಹಾಕ್ತೀವಿ, ಚಪ್ಪಾಳೆ, ಫೋಟೋ, ವಾಟ್ಸಾಪ್ ಗ್ರೂಪಿಗೆ ಸೇರಿಸ್ತೀವಿ, ಆಮೇಲೆ ಮುಂದಿನ ವರ್ಷದ ಲಿಸ್ಟ್ ತೆಗೆದು ನೋಡಿದ್ರೆ ಅಷ್ಟೇ ಜನ ಹೋಗಿರ್ತಾರೆ, ಹೋಗಿರೋರು ಹೆಚ್ಚುಕಮ್ಮಿ ಅದೇ ಹೊಸಬ್ರು. ಹಳಬ್ರು ಗಟ್ಟಿಯಾಗಿ ಇದ್ದಾರೆ, ಆದ್ರೆ ಅವ್ರಿಗೂ ವಯಸ್ಸಾಗ್ತಾ ಇದೆ, ಕ್ಯಾಂಪ್ ದಿನ ಮೇಜು ಕುರ್ಚಿ ಎತ್ತೋಕೆ ಜನ ಸಾಕಾಗಲ್ಲ. ಬಿಟ್ಟೋರಿಗೆ ಫೋನ್ ಮಾಡಿ ಕೇಳಿದ್ರೆ ಎಲ್ರದ್ದೂ ಒಂದೇ ಪಾಠ, "ಸ್ವಲ್ಪ ಬಿಜಿ ಸಾರ್, ಮುಂದಿನ ವರ್ಷ ನೋಡೋಣ".

ಪ್ರೆಸಿಡೆಂಟ್ ಹೇಳೋದು, ಒಬ್ಬೊಬ್ರು ಒಬ್ಬೊಬ್ರನ್ನ ಕರ್ಕೊಂಡು ಬನ್ನಿ, ಡಿಸ್ಟ್ರಿಕ್ಟಿಂದ (ಈ ಭಾಗದ ಕ್ಲಬ್ಬುಗಳ ಮೇಲಿನ ಘಟಕ) ಟಾರ್ಗೆಟ್ ಇದೆ ಅಂತ. ಸೆಕ್ರೆಟರಿ ಹೇಳೋದು ಚಂದಾ ಜಾಸ್ತಿ ಆಯ್ತು ಅದಕ್ಕೇ ಬಿಡ್ತಾರೆ ಅಂತ. ಇನ್ನೊಬ್ರು ಮೀಟಿಂಗ್ ಜಾಸ್ತಿ ಆಯ್ತು ಅಂತಾರೆ, ಮತ್ತೊಬ್ರು ಮೀಟಿಂಗ್ ಕಮ್ಮಿ ಆಗಿದ್ದಕ್ಕೇ ಹಿಂಗಾಗಿದ್ದು ಅಂತಾರೆ. ನಂಗಂತೂ ತಲೆ ಕೆಟ್ಟಿದೆ. ರೋಟರಿ, ಲಯನ್ಸ್, ಕಿವಾನಿಸ್, ಯಾವುದೇ ಆಗ್ಲಿ, ಈ ಕೆಲಸ ಮಾಡಿ ಅನುಭವ ಇರೋರು ದಯವಿಟ್ಟು ಹೇಳಿ. ಮೋಟಿವೇಶನ್ ಭಾಷಣ ಬೇಡ, ಅದು ನಮ್ಮಲ್ಲೇ ಬೇಕಾದಷ್ಟು ಸ್ಟಾಕ್ ಇದೆ.


ಮಾಜಿ_ಖಜಾಂಚಿ:

ಸಾರ್, ಮೊದ್ಲು ಜನ್ರನ್ನ ಕೇಳೋದು ಬಿಟ್ಟು ರಿಜಿಸ್ಟರ್ ತೆಗೀರಿ. ಬಿಟ್ಟೋರು ನಿಜ ಹೇಳಲ್ಲ. ಕೆಟ್ಟೋರು ಅಂತಲ್ಲ, ನಿಮ್ಮ ಮನಸ್ಸು ನೋಯಿಸೋದು ಯಾಕೆ ಅಂತ.

ನಾನು ಖಜಾಂಚಿ ಆಗಿದ್ದಾಗ ಒಂದು ವಿಷಯ ಗಮನಿಸಿದ್ದೆ. ರೋಟರಿಯಲ್ಲಿ ಇಂಟರ್‌ನ್ಯಾಷನಲ್‌ಗೆ, ಅಂದ್ರೆ ಜಾಗತಿಕ ಸಂಸ್ಥೆಗೆ, ಕಟ್ಟೋ ಚಂದಾ ಬಿಲ್ ವರ್ಷಕ್ಕೆ ಎರಡು ಸಲ ಬರುತ್ತೆ, ಜುಲೈ 1 ಮತ್ತೆ ಜನವರಿ 1ಕ್ಕೆ ಲಿಸ್ಟಲ್ಲಿ ಎಷ್ಟು ಹೆಸರು ಇದೆಯೋ ಅಷ್ಟಕ್ಕೆ. ಹಾಗಾಗಿ ಜೂನ್ ಕೊನೆ, ಡಿಸೆಂಬರ್ ಕೊನೆ ಬಂತು ಅಂದ್ರೆ ಎಲ್ಲಾ ಕ್ಲಬ್ಬಲ್ಲೂ ಲಿಸ್ಟ್ ಕ್ಲೀನಿಂಗ್ ಶುರು, ಕಟ್ಟದೇ ಇರೋರ ಹೆಸರು ತೆಗೀರಿ ಇಲ್ಲಾಂದ್ರೆ ಕ್ಲಬ್ ಕೈಯಿಂದ ಕಟ್ಬೇಕು ಅಂತ. ಪೇಪರ್ ಮೇಲೆ ನೋಡಿದ್ರೆ ಜನ ಜೂನಲ್ಲಿ ಬಿಟ್ರು, ಚಂದಾ ಕೇಳಿದಾಗ ಬಿಟ್ರು, ಆದ್ರಿಂದ ಚಂದಾ ಕಾರಣ ಅನ್ಸುತ್ತೆ. ನಿಮ್ಮ ಸೆಕ್ರೆಟರಿಗೂ ಹಂಗೇ ಅನ್ಸಿರೋದು. ಆದ್ರೆ ಅಟೆಂಡೆನ್ಸ್ ತೆಗೆದು ನೋಡಿದ್ರೆ ಆ ಮನುಷ್ಯ ಸೆಪ್ಟೆಂಬರಿಂದಾನೇ ಬಂದಿರಲ್ಲ! ಅವ್ನು ಬಿಟ್ಟಿದ್ದು ಸೆಪ್ಟೆಂಬರಲ್ಲಿ, ನಿಮಗೆ ಗೊತ್ತಾಗಿದ್ದು ಜೂನಲ್ಲಿ. ಆ ಮಧ್ಯದ ತಿಂಗಳುಗಳಲ್ಲಿ ಯಾರಾದ್ರೂ ಒಬ್ರು ಫೋನ್ ಮಾಡಿದ್ರಾ ಅನ್ನೋದೇ ಪ್ರಶ್ನೆ.

ಒಂದು ದಿನ ಕೂತ್ಕೊಂಡು ಕಳೆದ ನಾಲ್ಕೈದು ವರ್ಷದಲ್ಲಿ ಸೇರಿದೋರ ಹೆಸರು ಒಂದು ಶೀಟಲ್ಲಿ ಹಾಕಿ. ಸೇರಿದ ತಿಂಗಳು, ಸೇರಿಸಿದೋರು ಯಾರು, ಕೊನೇ ಸಲ ಬಂದಿದ್ದು ಯಾವಾಗ, ಯಾವ ಕಮಿಟಿಲಿ ಇದ್ರು, ಹೆಸರು ತೆಗೆದಿದ್ದು ಯಾವಾಗ. ಅಷ್ಟೇ ಸಾಕು. ಕಮಿಟಿ ಕಾಲಮ್ಮು ಖಾಲಿ ಇರೋರು ಮತ್ತೆ ಬೇಗ ಹೋದೋರು ಬಹುತೇಕ ಒಂದೇ ಜನ ಅಂತ ನಿಮಗೇ ಕಾಣುತ್ತೆ ನೋಡಿ. ಇನ್ನೊಂದು, ಸೇರಿಸಿದೋರ ಹೆಸರಲ್ಲಿ ಒಂದೆರಡು ಹೆಸರು ಪದೇ ಪದೇ ಬರುತ್ತೆ, ಅವ್ರು ಸೇರಿಸಿದೋರು ಯಾರೂ ನಿಲ್ಲಲ್ಲ. ಅಂಥವ್ರು ಪ್ರತಿ ಕ್ಲಬ್ಬಲ್ಲೂ ಇರ್ತಾರೆ, ಟಾರ್ಗೆಟ್ ಬಂದ ತಕ್ಷಣ ಪರಿಚಯದೋರ ಹತ್ರ ಫಾರ್ಮಿಗೆ ಸೈನ್ ಹಾಕಿಸ್ಕೊಂಡು ಬರ್ತಾರೆ, ಕೆಲವು ಸಲ ಚಂದಾನೂ ತಾವೇ ಕಟ್ಟಿರ್ತಾರೆ. ಅವ್ರು ಸದಸ್ಯರಲ್ಲ, ಅಂಕಿ ಅಷ್ಟೇ.


ಬಿಟ್ಟು_ಬಂದವಳು:

ಮೇಲೆ ಹೇಳಿದ "ಸ್ವಲ್ಪ ಬಿಜಿ" ಗಿರಾಕಿಗಳಲ್ಲಿ ನಾನೂ ಒಬ್ಳು, ಅದಕ್ಕೇ ಬರೀತಿದೀನಿ. ಯಾವ ಕ್ಲಬ್ಬು ಅಂತ ಹೇಳಲ್ಲ.

ನನ್ನ ಸೇರಿಸಿದೋರು ಮೊದಲನೇ ಮೀಟಿಂಗಿಗೆ ಕರ್ಕೊಂಡು ಹೋಗಿ ಎಲ್ರಿಗೂ ಪರಿಚಯ ಮಾಡಿಸಿ ತಾವು ಸ್ಟೇಜ್ ಹತ್ತಿದ್ರು, ಅವ್ರಿಗೆ ಅವತ್ತು ಮೇಲೆ ಕೆಲಸ ಇತ್ತು. ನಾನು ಮಧ್ಯದ ಸಾಲಲ್ಲಿ ಕೂತೆ. ಆಚೆ ಈಚೆ ಇದ್ದೋರು ನನ್ನ ತಲೆ ಮೇಲಿಂದಾನೇ ಯಾವುದೋ ಹಳೇ ಕಾನ್ಫರೆನ್ಸ್ ಕಥೆ ಮಾತಾಡ್ಕೊಂಡು ನಗ್ತಾ ಇದ್ರು. ನಕ್ಕಿದ್ದು ತಪ್ಪಲ್ಲ ಬಿಡಿ, ಹಳೇ ಸ್ನೇಹಿತರು. ಆಮೇಲೆ ಕಣ್ಣು ತಪಾಸಣೆ ಕ್ಯಾಂಪ್. ಹೇಳಿದ ಟೈಮಿಗೆ ಹೋದೆ, ಎಲ್ರಿಗೂ ಅವ್ರವ್ರ ಜಾಗ ಗೊತ್ತಿತ್ತು, ನಾನೇನು ಮಾಡ್ಲಿ ಅಂತ ಕೇಳಿದ್ರೆ "ನೀವು ಆರಾಮಾಗಿ ಕೂತ್ಕೊಳಿ ಮೇಡಂ, ಎಲ್ಲಾ ಆಗಿದೆ". ಕೂತೆ. ಕೊನೇಲಿ ಫೋಟೋಗೆ ಬ್ಯಾನರ್ ಮೂಲೆ ಹಿಡ್ಕೊಳ್ಳೋಕೆ ಕರೆದ್ರು. ನಾನು ಅಕೌಂಟ್ಸ್ ಮಾಡೋಳು, ಆ ಕ್ಲಬ್ಬಿನ ಲೆಕ್ಕಪತ್ರ ಎರಡು ವರ್ಷದಿಂದ ಕಗ್ಗಂಟಾಗಿ ಕೂತಿತ್ತು ಅಂತ ಆಮೇಲೆ ಗೊತ್ತಾಯ್ತು, ಯಾರೂ ನನ್ನ ಏನ್ ಕೆಲಸ ಮಾಡ್ತೀಯಾ ಅಂತ ಫಾರ್ಮಲ್ಲಿ ಬಿಟ್ಟು ಬಾಯಲ್ಲಿ ಕೇಳೇ ಇರ್ಲಿಲ್ಲ.

ಈಗ ಬೇರೆ ಕ್ಲಬ್ಬಲ್ಲಿದೀನಿ, ಸುಮಾರು ವರ್ಷ ಆಯ್ತು, ಬಿಡೋ ಯೋಚನೆ ಇಲ್ಲ. ಇಲ್ಲಿ ಸೇರಿದ ಹೊಸದ್ರಲ್ಲೇ ಒಬ್ರು ಹಿರಿಯರು ಒಂದು ನೋಟ್‌ಬುಕ್ ಕೈಗೆ ಕೊಟ್ರು. ಕ್ಯಾಂಪಲ್ಲಿ ಕಣ್ಣು ತೋರಿಸ್ಕೊಂಡು ಕನ್ನಡಕಕ್ಕೆ ಬರೆಸಿದ್ದವರ ಲಿಸ್ಟು, ಅದ್ರಲ್ಲಿ ಕೆಲವ್ರು ಕನ್ನಡಕ ತಗೊಂಡು ಹೋಗೋಕೆ ಬಂದೇ ಇಲ್ಲ, ಫೋನ್ ಮಾಡಿ ವಿಚಾರಿಸಮ್ಮ ಅಂದ್ರು. ಮಾಡಿದೆ. ಒಂದು ಅಜ್ಜಿ ಕೊಟ್ಟಿದ್ದು ಮಗನ ನಂಬರು, ಅವ್ನು ಇರೋದು ಬೇರೆ ಊರಲ್ಲಿ, ಅಮ್ಮ ಕಣ್ಣು ತೋರಿಸ್ಕೊಂಡಿದ್ದೇ ಅವ್ನಿಗೆ ಗೊತ್ತಿಲ್ಲ. ಇನ್ನೊಬ್ರದ್ದು ಪಕ್ಕದ ಮನೆಯವರ ನಂಬರು. ಅವತ್ತಿಂದ ನಮ್ಮ ರಿಜಿಸ್ಟರಲ್ಲಿ "ಈ ನಂಬರ್ ಯಾರದ್ದು" ಅಂತ ಒಂದು ಕಾಲಮ್ ಸೇರಿಸ್ದೆ, ಈಗ್ಲೂ ಇದೆ. ನೋಡಿ, ಎಂಥಾ ಚಿಕ್ಕ ಕೆಲಸ. ಆದ್ರೆ ಅದು ನಂದು. ನಾನು ಒಂದು ತಿಂಗಳು ಹೋಗ್ಲಿಲ್ಲ ಅಂದ್ರೆ ಆ ಲಿಸ್ಟ್ ಹಂಗೇ ನಿಂತಿರುತ್ತೆ, ಯಾರೋ ಒಬ್ರು ಕನ್ನಡಕ ಇಲ್ದೆ ಕೂತಿರ್ತಾರೆ ಅಂತ ಗೊತ್ತಿರೋದ್ರಿಂದ ಹೋಗ್ತೀನಿ. ಬ್ಯಾನರ್ ಮೂಲೆ ಯಾರು ಬೇಕಾದ್ರೂ ಹಿಡೀಬಹುದು.

ಇನ್ನೊಂದು ಮಾತು, ಹೆಂಗಸ್ರ ಬಗ್ಗೆ. ರೋಟರಿ ಹೆಂಗಸ್ರಿಗೆ ಬಾಗಿಲು ತೆಗೆದಿದ್ದು 1989ರಲ್ಲಿ, ಅದೂ ಅಮೆರಿಕದ ಸುಪ್ರೀಂ ಕೋರ್ಟ್ 1987ರಲ್ಲಿ ತೀರ್ಪು ಕೊಟ್ಟ ಮೇಲೆ. ಲಯನ್ಸ್, ಕಿವಾನಿಸ್ ಎರಡೂ 1987ರಲ್ಲೇ ತೆಗೆದ್ವು. ಇಷ್ಟು ವರ್ಷ ಆದ್ರೂ ಸುಮಾರು ಕ್ಲಬ್ಬಲ್ಲಿ ನಮಗೆ ಸಿಗೋದು ನಿರೂಪಣೆ ಮತ್ತೆ ಸ್ವಾಗತ ಭಾಷಣ. ಪ್ರಾಜೆಕ್ಟ್ ಬಜೆಟ್ ಕೈಗೆ ಕೊಡಿ, ಆಮೇಲೆ ನಿಲ್ತಾರೋ ಇಲ್ವೋ ನೋಡಿ.


ಹಳೇ_ತಲೆ:

ಮೇಲಿನ ತಂಗಿ ಬರೆದಿದ್ದು ಓದಿ ಸ್ವಲ್ಪ ನಾಚಿಕೆ ಆಯ್ತು, ಯಾಕಂದ್ರೆ ತಲೆ ಮೇಲಿಂದ ಹಳೇ ಕಥೆ ಹೇಳ್ಕೊಂಡು ನಗೋ ಬಳಗ ನಮ್ಮದೇ. ಆದ್ರೂ ಒಂದು ವಾದ ಇಡ್ತೀನಿ.

ನಾವು ಸೇರಿದಾಗ ವಾರ ವಾರ ಮೀಟಿಂಗು, ತಪ್ಪಿಸ್ಕೊಂಡ್ರೆ ಬೇರೆ ಕ್ಲಬ್ಬಿನ ಮೀಟಿಂಗಿಗೆ ಹೋಗಿ ಹಾಜರಿ ಸರಿದೂಗಿಸ್ಕೊಂಡು ಬರ್ಬೇಕು, ಅಟೆಂಡೆನ್ಸ್ ಶೇಕಡ ಓದೋರು. ಕಿರಿಕಿರಿ ಅನ್ಸೋದು ನಿಜ. ಆದ್ರೆ ಆ ಕಿರಿಕಿರಿಯಿಂದಾನೇ ಒಬ್ರ ಮುಖ ಒಬ್ರು ನೋಡಿದ್ವಿ, ಸ್ನೇಹ ಆಯ್ತು. ರೋಟರಿಯ ನಿಯಮ ಮಾಡೋ ಕೌನ್ಸಿಲ್ 2016ರಲ್ಲಿ ಸೇರಿದ್ಮೇಲೆ ಎಲ್ಲಾ ಸಡಿಲ, ತಿಂಗಳಿಗೆ ಎರಡು ಸಲ ಹೆಂಗಾದ್ರೂ ಸೇರಿದ್ರೆ ಸಾಕು, ಆನ್‌ಲೈನ್ ಆದ್ರೂ ನಡೆಯುತ್ತೆ. ಒಳ್ಳೇದೇ, ಮಕ್ಕಳು ಮರಿ ಇರೋರಿಗೆ ಅನುಕೂಲ. ಆದ್ರೆ ತಿಂಗಳಿಗೆ ಒಂದು ಸಲ ಮುಖ ತೋರಿಸೋನು, ಒಂದು ಸಲ ತಪ್ಪಿಸಿದ್ರೆ ಎರಡು ತಿಂಗಳ ಗ್ಯಾಪು. ಎರಡು ತಿಂಗಳಾದ್ಮೇಲೆ ಹೋಗೋಕೆ ಅವ್ನಿಗೇ ಮುಜುಗರ. ಮೀಟಿಂಗ್ ಕಮ್ಮಿ ಮಾಡಿದ್ರೆ ಜನ ನಿಲ್ತಾರೆ ಅನ್ನೋದು ನಂಗೆ ಒಪ್ಪಿಗೆ ಇಲ್ಲ. ಮೀಟಿಂಗ್ ಕಮ್ಮಿ ಮಾಡಿ, ಭೇಟಿ ಕಮ್ಮಿ ಮಾಡಬೇಡಿ.

1905ರಲ್ಲಿ ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಮತ್ತೆ ಮೂರು ಜನ ಶುರು ಮಾಡಿದಾಗ ಹಾಲ್ ಗೀಲ್ ಏನೂ ಇರ್ಲಿಲ್ಲ, ಸರದಿ ಪ್ರಕಾರ ಒಬ್ಬೊಬ್ರ ಆಫೀಸಲ್ಲಿ ಸೇರ್ತಿದ್ರು. ನಾವು ಅದನ್ನೇ ಮತ್ತೆ ಶುರು ಮಾಡಿದ್ವಿ, ಎಲ್ಲಾ ಮೀಟಿಂಗೂ ಅಲ್ಲ, ಆಗಾಗ. ಹೊಸ ಸದಸ್ಯನ ವರ್ಕ್‌ಶಾಪಲ್ಲೋ ಕ್ಲಿನಿಕ್ಕಲ್ಲೋ ಆಫೀಸಲ್ಲೋ ಸೇರೋದು, ಅವ್ನು ತನ್ನ ಕೆಲಸ ತೋರಿಸ್ತಾನೆ, ನಾವು ಪ್ರಶ್ನೆ ಕೇಳ್ತೀವಿ. ಒಂದು ಸಂಜೆಯಲ್ಲಿ ಅವ್ನು "ಹೊಸಬ" ಆಗಿರೋದು ಮುಗೀತು. ಯಾರೂ ಕೇಳ್ಲಿಲ್ಲ ಅಂತ ತಂಗಿ ಹೇಳಿದ್ದಕ್ಕೆ ಇದಕ್ಕಿಂತ ಸುಲಭದ ಮದ್ದು ನಂಗೆ ಗೊತ್ತಿಲ್ಲ.

ಮತ್ತೆ ನಮ್ಮಂಥ ವಯಸ್ಸಾದೋರನ್ನ ಮೂಲೆಗೆ ಹಾಕ್ಬೇಡಿ. ರೋಟರಿಯಲ್ಲಿ ಒಂದು ನಿಯಮ ಇದೆ, ವಯಸ್ಸು ಮತ್ತೆ ಸದಸ್ಯನಾಗಿರೋ ವರ್ಷ ಕೂಡಿಸಿದ್ರೆ 85 ಆದ್ರೂ ಆಗ್ಬೇಕು, ಕನಿಷ್ಠ 20 ವರ್ಷ ಸದಸ್ಯನಾಗಿರ್ಬೇಕು, ಅಂಥವ್ರು ಕೇಳಿಕೊಂಡ್ರೆ ಹಾಜರಿಯಿಂದ ವಿನಾಯಿತಿ. ಹಾಜರಿಗೆ ವಿನಾಯಿತಿ ಕೊಡಿ, ಫೋನಿಗೆ ಕೊಡ್ಬೇಡಿ. ಕುರ್ಚಿ ಎತ್ತೋಕೆ ಆಗಲ್ಲ, ಆದ್ರೆ ಒಬ್ಬೊಬ್ರಿಗೆ ಇಬ್ಬಿಬ್ರು ಹೊಸಬ್ರನ್ನ ವಹಿಸಿಕೊಟ್ರೆ ಹದಿನೈದು ದಿನಕ್ಕೊಂದು ಸಲ ಫೋನ್ ಮಾಡಿ ಹೆಂಗಿದೀಯಪ್ಪ ಅಂತ ಕೇಳೋಕೆ ನಮಗೆ ಟೈಮು ಬೇಕಾದಷ್ಟಿದೆ.


ಅನಾಮಿಕ:

ನಮ್ಮ ಗ್ರೂಪಲ್ಲಿ ಬೆಳಿಗ್ಗೆ ಆದ್ರೆ ನಲವತ್ತು ಗುಡ್ ಮಾರ್ನಿಂಗ್ ಫೋಟೋ, ಮಧ್ಯಾಹ್ನ ರಾಜಕೀಯ, ಸಂಜೆ ಬರ್ತ್‌ಡೇ ವಿಶ್. ಕ್ಯಾಂಪ್ ಎಷ್ಟೊತ್ತಿಗೆ ಅನ್ನೋ ಮೆಸೇಜ್ ಹುಡುಕೋಕೆ ಅರ್ಧ ಗಂಟೆ ಬೇಕು. ಹೊಸಬ್ರು ಮೊದ್ಲು ಮ್ಯೂಟ್ ಮಾಡ್ತಾರೆ, ಆಮೇಲೆ ಕ್ಲಬ್ಬನ್ನೇ ಮ್ಯೂಟ್ ಮಾಡ್ತಾರೆ. ಕೆಲಸದ ಗ್ರೂಪ್ ಬೇರೆ ಮಾಡಿ ಸ್ವಾಮಿ.


ರೋಟರಾಕ್ಟಿಂದ_ಬಂದೋನು:

ಹಳೇ ತಲೆ ಅಂಕಲ್, ಭೇಟಿ ಬಗ್ಗೆ ಒಪ್ತೀನಿ, ಮೀಟಿಂಗ್ ಬಗ್ಗೆ ಜಗಳ ಇದೆ. ವಾರ ವಾರ ಸೇರೋದು ಕಷ್ಟ ಅಲ್ಲ, ಸೇರಿದಾಗ ಏನಾಗುತ್ತೆ ಅನ್ನೋದು ಕಷ್ಟ. ಒಂದು ಗಂಟೆ ಮೀಟಿಂಗಲ್ಲಿ ವೇದಿಕೆ ಮೇಲಿರೋ ಗಣ್ಯರ ಪರಿಚಯಕ್ಕೇ ಅರ್ಧ ಹೋಗುತ್ತೆ, ಅವ್ರನ್ನ ಎಲ್ರಿಗೂ ಗೊತ್ತು! ಆಮೇಲೆ ಒಬ್ರು ಅತಿಥಿ ಭಾಷಣ, ವಂದನಾರ್ಪಣೆ, ಮುಗೀತು. ಮುಂದಿನ ಪ್ರಾಜೆಕ್ಟ್ ಯಾವುದು, ಯಾಕೆ, ಯಾರು ಮಾಡೋದು, ಇದೆಲ್ಲ ಬೋರ್ಡ್ ಮೀಟಿಂಗಲ್ಲಿ ನಾಲ್ಕು ಜನ ನಿರ್ಧಾರ ಮಾಡಿ ಮುಗಿಸಿರ್ತಾರೆ, ನಮ್ಮ ಪಾಲಿಗೆ ಬರೋದು ಟೀ ಶರ್ಟ್ ಸೈಜ್ ಕೇಳೋ ಮೆಸೇಜು.

ಇನ್ನು ಯುವಕರು ಸಿಗಲ್ಲ ಅನ್ನೋ ಗೋಳು. ರೋಟರಿಯ ಯುವಕರ ಕ್ಲಬ್ಬು ರೋಟರಾಕ್ಟ್ 1968ರಿಂದ ಇದೆ, ಲಯನ್ಸಿನ ಯುವಕರ ಕ್ಲಬ್ಬು ಲಿಯೋ 1957ರಿಂದ ಇದೆ. ಅಲ್ಲಿ ಹುಡುಗ್ರು ಸ್ವಂತವಾಗಿ ಪ್ರಾಜೆಕ್ಟ್ ಮಾಡಿ, ದುಡ್ಡು ಎತ್ತಿ, ಲೆಕ್ಕ ಒಪ್ಪಿಸಿ ಅಭ್ಯಾಸ ಆಗಿರ್ತಾರೆ. ಅವ್ರು ದೊಡ್ಡ ಕ್ಲಬ್ಬಿಗೆ ಬಂದ ತಕ್ಷಣ "ತಮ್ಮಾ ಆ ಮೈಕ್ ಸ್ವಲ್ಪ ನೋಡು" ಅಂದ್ರೆ ಯಾಕೆ ನಿಲ್ತಾರೆ? ರೋಟರಾಕ್ಟಲ್ಲಿ 30 ವರ್ಷದ ಮಿತಿ ಇತ್ತು, 2020ರ ಜುಲೈಯಿಂದ ಅದನ್ನೂ ತೆಗೆದಿದಾರೆ, ಅಂದ್ರೆ ವಯಸ್ಸಾಯ್ತು ಅಂತ ಯಾರೂ ನಿಮ್ಮ ಕಡೆ ತಾನಾಗಿ ಬರಲ್ಲ ಈಗ. ಬೇಕು ಅಂದ್ರೆ ನೀವೇ ಹೋಗಿ ಅವ್ರ ಪ್ರಾಜೆಕ್ಟಲ್ಲಿ ಕುರ್ಚಿ ಎತ್ತಿ. ಎರಡೂ ಕಡೆ ಸದಸ್ಯರಾಗಿರೋಕೂ ಅವಕಾಶ ಇದೆ, ನಾನು ಸ್ವಲ್ಪ ಕಾಲ ಹಂಗೇ ಇದ್ದೆ.

ಟೈಮ್ ಹೊಂದಲ್ಲ ಅನ್ನೋರಿಗೆ ರೋಟರಿಯಲ್ಲಿ ಸ್ಯಾಟಲೈಟ್ ಕ್ಲಬ್ ಅಂತ ಮಾಡ್ಬಹುದು, 8 ಜನ ಇದ್ರೆ ಸಾಕು, ಹೊಸ ಕ್ಲಬ್ಬಿಗೆ 20 ಬೇಕಲ್ಲ ಆ ತಲೆನೋವಿಲ್ಲ, ನಿಮ್ಮ ಕ್ಲಬ್ಬಿನ ಸದಸ್ಯರಾಗೇ ಇದ್ಕೊಂಡು ತಮ್ಮ ಟೈಮಲ್ಲಿ ತಮ್ಮ ರೀತಿ ಸೇರ್ತಾರೆ. ಲಯನ್ಸಲ್ಲಿ ಕುಟುಂಬದ ಸದಸ್ಯತ್ವ ಇದೆ, ಮನೇಲಿ ಒಬ್ರು ಪೂರ್ತಿ ಇಂಟರ್‌ನ್ಯಾಷನಲ್ ಚಂದಾ ಕಟ್ಟಿದ್ರೆ ಉಳಿದೋರಿಗೆ ಅರ್ಧ. ಆದ್ರೆ ಒಂದು ಎಚ್ಚರಿಕೆ, ಇದನ್ನ ಅಂಕಿ ಏರಿಸೋಕೆ ಬಳಸ್ಬೇಡಿ. ಗಂಡನ ಜೊತೆ ಹೆಂಡತಿ ಹೆಸರು, ಅತ್ತಿಗೆ ಹೆಸರು ಎಲ್ಲಾ ಹಾಕಿ ಅವ್ರಿಗೆ ತಾವು ಸದಸ್ಯರು ಅಂತಾನೇ ಗೊತ್ತಿಲ್ದೆ ಇರೋದು ಕಣ್ಣಾರೆ ನೋಡಿದೀನಿ.

ಕೊನೇದಾಗಿ, ಪ್ರೆಸಿಡೆಂಟ್ ವರ್ಷಕ್ಕೊಬ್ರು ಬದಲಾಗೋದು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅನ್ನೋ ಹಾಗೆ ಜುಲೈಲಿ ಪ್ರತಿಯೊಬ್ರೂ ಹೊಸ ಪ್ರಾಜೆಕ್ಟ್ ಶುರು ಮಾಡ್ತಾರೆ, ಹಿಂದಿನೋರದ್ದು ಸತ್ತೋಗುತ್ತೆ. ಹಿಂದಿನ ಪ್ರಾಜೆಕ್ಟಲ್ಲಿ ಜೀವ ಇಟ್ಕೊಂಡಿದ್ದ ಸದಸ್ಯ ಏನ್ ಮಾಡ್ಬೇಕು? ಚೇರ್ ಅವ್ರೇ, ನಿಮ್ಮ ಕೆಲಸಾನ ಒಂದು ವರ್ಷಕ್ಕೆ ಒಪ್ಕೋಬೇಡಿ, ಮೂರು ವರ್ಷ ಕೊಟ್ರೆ ಮಾತ್ರ ಮಾಡ್ತೀನಿ ಅನ್ನಿ. ಈಗಿನ ಪ್ರೆಸಿಡೆಂಟ್, ಮುಂದಿನೋರು, ಅದರ ಮುಂದಿನೋರು ಮೂರು ಜನಾನೂ ಕೂರಿಸ್ಕೊಂಡು ಒಪ್ಪಿಸಿ.


ಹೊಸ_ಮೆಂಬರ್‌ಶಿಪ್_ಚೇರ್:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಉತ್ತರ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಭಾನುವಾರ ಕೂತು ಖಜಾಂಚಿ ಸಾರ್ ಹೇಳಿದ ಶೀಟ್ ಮಾಡ್ದೆ. ಹೋದೋರಲ್ಲಿ ಮುಕ್ಕಾಲು ಪಾಲು ಜನ್ರದ್ದು ಕಮಿಟಿ ಕಾಲಮ್ ಖಾಲಿ. ಚಂದಾ ಕಟ್ಟಿದ ಮೇಲೂ ಬರೋದು ಬಿಟ್ಟೋರು ಇದ್ದಾರೆ, ಅಂದ್ರೆ ದುಡ್ಡು ಕಾರಣ ಅಲ್ವೇ ಅಲ್ಲ. ಸೆಕ್ರೆಟರಿಗೆ ತೋರಿಸ್ದೆ, ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ ಇದನ್ನ ಗ್ರೂಪಲ್ಲಿ ಹಾಕ್ಬೇಡ ಅಂದ್ರು.

ಈಗ ಹೊಸದಾಗಿ ಬಂದಿರೋ ಐದು ಜನ್ರಿಗೆ ಕೆಲಸ ಹುಡುಕ್ತಿದೀನಿ. ನಮ್ಮಲ್ಲಿ ರಕ್ತದಾನ ಶಿಬಿರಕ್ಕೆ ದಾನಿಗಳ ಲಿಸ್ಟ್ ಮೂರು ಜನ್ರ ಮೂರು ಫೋನಲ್ಲಿದೆ, ಅದನ್ನ ಒಂದು ಕಡೆ ತಂದು, ಮತ್ತೆ ಯಾವಾಗ ಕೊಡಬಹುದು ಅಂತ ದಿನ ನೋಡಿ ಕರೆ ಮಾಡೋ ಕೆಲಸ ಒಬ್ಬ ಹುಡುಗನಿಗೆ ಕೊಟ್ಟೆ, ಅವ್ನು ಸಾಫ್ಟ್‌ವೇರಲ್ಲಿರೋನು, ರಾತ್ರೋರಾತ್ರಿ ಏನೋ ಶೀಟ್ ಮಾಡಿ ಕಳ್ಸಿದಾನೆ. ಅದಕ್ಕೆ ಹಳಬ್ರೊಬ್ರು ಮೂಗು ಮುರಿದ್ರು, ನನ್ನ ಡೈರಿ ಸಾಕಾಗಿರ್ಲಿಲ್ವಾ ಅಂತ. ಅವ್ರಿಬ್ರನ್ನೂ ಜೊತೆಗೆ ಕೂರಿಸ್ಬೇಕು.

ಒಂದು ಪ್ರಶ್ನೆ ಉಳೀತು. ಲಿಸ್ಟಲ್ಲಿ ಹೆಸರು ಮಾತ್ರ ಇರೋರು, ವರ್ಷದಿಂದ ಮುಖ ಕಾಣದೇ ಇರೋರು, ಇವ್ರನ್ನ ಏನ್ ಮಾಡೋದು? ತೆಗೆದ್ರೆ ಸಂಖ್ಯೆ ಬೀಳುತ್ತೆ, ಪ್ರೆಸಿಡೆಂಟ್ ಒಪ್ಪಲ್ಲ.


ಮಾಜಿ_ಖಜಾಂಚಿ:

ಡಿಸೆಂಬರ್ ಕೊನೇ ವಾರದ ತನಕ ಕಾಯ್ಬೇಡಿ, ಈಗ್ಲೇ ಮಾಡಿ. ಒಬ್ಬೊಬ್ರಿಗೂ ಫೋನ್ ಹೋಗ್ಲಿ, ಮೆಸೇಜ್ ಅಲ್ಲ, ಫೋನು. ಮಾಡೋದು ಅವ್ರಿಗೆ ಕ್ಲಬ್ಬಲ್ಲಿ ಯಾರು ಹತ್ರ ಇದ್ರೋ ಅವ್ರು, ನೀವಲ್ಲ. ಚಂದಾ ವಿಷಯ ಎತ್ತಲೇಬೇಡಿ ಮೊದಲನೇ ಫೋನಲ್ಲಿ. ಮನೇಲಿ ಕಾಯಿಲೆ ಕಸಾಲೆ, ಕೆಲಸದ ಒತ್ತಡ ಅಂತ ನಿಜವಾದ ಕಾರಣ ಇದ್ರೆ ಇಷ್ಟು ತಿಂಗಳು ಅಂತ ರಜೆ ಬರೆಸ್ಕೊಳಿ, ಬೋರ್ಡ್ ಒಪ್ಪಿಗೆ ಕೊಡ್ಬಹುದು, ವಾಪಸ್ ಬರೋ ತಿಂಗಳು ನಿಮ್ಮ ಡೈರಿಲಿ ಗುರುತು ಹಾಕಿ. ಮನಸ್ಸಿಲ್ಲ ಅಂದ್ರೆ ಮರ್ಯಾದೆಯಿಂದ ಬೀಳ್ಕೊಡಿ, ಬಾಕಿ ಪತ್ರ ಕಳ್ಸಿ ಮನಸ್ಸು ಕೆಡಿಸ್ಕೋಬೇಡಿ, ಹಂಗೆ ಹೋದೋರು ನಾಳೆ ಕ್ಯಾಂಪಿಗೆ ಡಾಕ್ಟರ್ ಬೇಕು ಅಂದ್ರೆ ಕಳಿಸಿಕೊಡ್ತಾರೆ, ಸೇರೋ ಮನಸ್ಸಿರೋ ಇನ್ನೊಬ್ರ ಹೆಸರೂ ಹೇಳ್ತಾರೆ.

ಪ್ರೆಸಿಡೆಂಟಿಗೆ ಭಾವನೆ ಮಾತು ಬೇಡ, ಲೆಕ್ಕ ತೋರಿಸಿ. ಬರದೇ ಇರೋ ಹೆಸರು ಜನವರಿ 1ಕ್ಕೆ ಲಿಸ್ಟಲ್ಲಿದ್ರೆ ಅಷ್ಟೂ ಜನ್ರ ಬಿಲ್ಲು ಕ್ಲಬ್ಬಿನ ಅಕೌಂಟಿಂದ ಹೋಗುತ್ತೆ. ಆ ದುಡ್ಡಲ್ಲಿ ಎಷ್ಟು ಕನ್ನಡಕ ಬರುತ್ತೆ ಅಂತ ಪಕ್ಕದಲ್ಲಿ ಬರೆದು ಕೊಡಿ. ನಮ್ಮ ಪ್ರೆಸಿಡೆಂಟ್ ಸಂಖ್ಯೆ ಬೀಳೋಕೆ ಒಪ್ಪಿದ್ದು ಅದನ್ನ ನೋಡಿದ ಮೇಲೇನೇ, ಡಿಸ್ಟ್ರಿಕ್ಟ್ ಮೀಟಿಂಗಲ್ಲಿ ಯಾಕೆ ಕಮ್ಮಿ ಆಯ್ತು ಅಂತ ಕೇಳಿದಾಗ ಅದೇ ಚೀಟಿ ಓದಿದ್ರು.

ಡೈರಿ ಯಜಮಾನ್ರನ್ನ ಮಾತ್ರ ಬೇಗ ಸಮಾಧಾನ ಮಾಡಿ. ಆ ಹುಡುಗನ ಶೀಟಲ್ಲಿ ನಂಬರ್ ಇರುತ್ತೆ, ಯಾವ ದಾನಿಗೆ ರಾತ್ರಿ ಹತ್ತಕ್ಕೆ ಫೋನ್ ಮಾಡಿದ್ರೂ ಎದ್ದು ಬರ್ತಾರೆ, ಯಾರು ಬೈತಾರೆ ಅನ್ನೋದು ಇವ್ರಿಗೆ ಮಾತ್ರ ಗೊತ್ತು. ಮೊದಲನೇ ನಾಲ್ಕು ಫೋನ್ ಇಬ್ರೂ ಒಂದೇ ಕಡೆ ಕೂತು ಮಾಡ್ಲಿ.